ನೀರಿಲ್ಲದ ಚಂದ್ರನ ಮಣ್ಣಿನಲ್ಲಿ ಬೂಟಿನ ಅಚ್ಚು ಕುಸಿಯದೆ ನಿಂತದ್ದು ಹೇಗೆ?

ಪ್ರಶ್ನೆ – ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಉಡುಪಿ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಒಂಬತ್ತನೆಯ ತರಗತಿಯಲ್ಲಿ, 1969ರ ಜುಲೈ ತಿಂಗಳಲ್ಲಿ ಅಪೊಲೊ 11ರ ಯಾತ್ರಿ ಬಜ್ ಆಲ್ಡ್ರಿನ್ ಚಂದ್ರನ ಮೇಲೆ ತೆಗೆದ ಬೂಟಿನ ಗುರುತಿನ ಚಿತ್ರವನ್ನು ತೋರಿಸಿದೆ. ಮಲ್ಪೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಟೀಚರ್, ಅಲೆ ಬಂದು ಹೋದ ಒದ್ದೆ ಮರಳಿನಲ್ಲಿ ಕಾಲಿನ ಅಚ್ಚು ಸರಿಯಾಗಿ ಬೀಳುತ್ತದೆ, ಮೇಲಿನ ಒಣ ಮರಳಿನಲ್ಲಿ ಬರೀ ಗುಂಡಿಯಾಗುತ್ತದೆ. ಚಂದ್ರನಲ್ಲಿ ನೆಲ ಒಣಗಿಯೇ ಇದೆಯಲ್ಲ, ಅಂಚು ಇಷ್ಟು ಕಡಿದಾಗಿ ಹೇಗೆ ನಿಂತಿತು?" ಎಂದು ಕೇಳಿದಳು. ಅಲ್ಲಿ ಗುರುತ್ವ ಭೂಮಿಯ ಆರರಲ್ಲಿ ಒಂದು ಪಾಲು ಮಾತ್ರ ಇರುವುದರಿಂದ ಎಂದು ನಾನು ಉತ್ತರಿಸಿದೆನಾದರೂ ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಅದನ್ನು 'ಮಣ್ಣು' ಎಂದು ಕರೆಯುವುದು ಸರಿಯೇ ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 – ಮಣ್ಣು ಪರೀಕ್ಷೆಯ ಕೆಲಸದಲ್ಲಿರುವ ಸಿವಿಲ್ ಎಂಜಿನಿಯರ್, ಮಂಗಳೂರು

ಮೇಡಂ, ನಿಮ್ಮ ಉತ್ತರ ಅರ್ಧ ಸರಿ. ಉಳಿದ ಅರ್ಧ ಕಣಗಳ ಆಕಾರದಲ್ಲಿದೆ.

ಮಲ್ಪೆಯ ಮರಳು ಹೊಳೆಯಲ್ಲಿ ಉರುಳಿ, ಅಲೆಯಲ್ಲಿ ಉಜ್ಜಿ, ಮೂಲೆಗಳನ್ನು ಕಳೆದುಕೊಂಡಿರುತ್ತದೆ. ನಯವಾದ ಪುಡಿಯೆಲ್ಲ ನೀರಿನಲ್ಲಿ ತೊಳೆದುಹೋಗಿರುತ್ತದೆ. ಒದ್ದೆಯಾದಾಗ ಕಣಗಳ ನಡುವಿನ ನೀರಿನ ಪೊರೆ ಅವುಗಳನ್ನು ಹಿಡಿದಿಡುತ್ತದೆ, ಒಣಗಿದಾಗ ಹಿಡಿತವೇ ಇರುವುದಿಲ್ಲ. ಚಂದ್ರನ ಕಣಗಳ ಕಥೆ ಬೇರೆ. ಅಲ್ಲಿ ಗಾಳಿಯೂ ಹರಿಯುವ ನೀರೂ ಇಲ್ಲದ ಕಾರಣ ಉಲ್ಕೆಗಳ ಹೊಡೆತಕ್ಕೆ ಒಡೆದ ಚೂರುಗಳು ಚೂಪಾಗಿಯೇ ಉಳಿಯುತ್ತವೆ. ಸಣ್ಣ ಉಲ್ಕಾಕಣಗಳು ಅಪ್ಪಳಿಸಿದಾಗ ಕ್ಷಣಮಾತ್ರ ಕರಗುವ ಕಲ್ಲು ಗಾಜಾಗಿ, ಬೆಲ್ಲದ ಪಾಕದಲ್ಲಿ ಅರಳು ಅಂಟಿ ಉಂಡೆಯಾಗುವ ಹಾಗೆ ಸುತ್ತಲಿನ ಪುಡಿಯನ್ನು ಅಂಟಿಸಿಕೊಳ್ಳುತ್ತದೆ. 'ಅಗ್ಲುಟಿನೇಟ್' ಎಂಬ ಇಂಥ ಅಂಕುಡೊಂಕು ಕಣಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಸರಾಸರಿ ಕಣದ ಗಾತ್ರ ಸುಮಾರು 70 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗಕ್ಕೂ ಕಡಿಮೆ. ಇಷ್ಟು ಸಣ್ಣ ಕಣಗಳು ತಮ್ಮ ನಡುವಿನ ಆಕರ್ಷಣೆಯಿಂದಲೂ ಸ್ವಲ್ಪ ಅಂಟಿಕೊಳ್ಳುತ್ತವೆ.

ಈಗ ಗುರುತ್ವದ ಪಾತ್ರಕ್ಕೆ ಬರುತ್ತೇನೆ. ಅಪೊಲೊ ಯಾತ್ರಿಗಳು ಇಳಿದ ಕಡೆಗಳ ಮಣ್ಣಿನ ಅಂಟುಬಲ (ಕಣಗಳು ಒಂದನ್ನೊಂದು ಹಿಡಿದಿಡುವ ಬಲ) ಅಂದಾಜು 0.1ರಿಂದ 1 ಕಿಲೋಪಾಸ್ಕಲ್, ಘರ್ಷಣ ಕೋನ (ಕಣಗಳು ಒಂದರ ಮೇಲೊಂದು ಜಾರದಂತೆ ಉಜ್ಜಾಟ ಎಷ್ಟು ತಡೆಯುತ್ತದೆ ಎಂಬುದರ ಅಳತೆ) 30ರಿಂದ 50 ಡಿಗ್ರಿ, ಮೇಲ್ಪದರದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.5 ಗ್ರಾಂ. ಅತಿ ಕಡಿಮೆ ಅಂಟುಬಲ ಮತ್ತು ಅತಿ ಕಡಿಮೆ ಕೋನವನ್ನೇ ಹಿಡಿದು, ನಾವು ಪಾಯ ತೋಡುವಾಗ ಬಳಸುವ ಸೂತ್ರದಿಂದ ಲೆಕ್ಕ ಹಾಕಿದೆ. ಆಧಾರವಿಲ್ಲದ ನೇರ ಗೋಡೆ ಭೂಮಿಯಲ್ಲಿ ಐದು ಸೆಂಟಿಮೀಟರಿನಷ್ಟೂ ನಿಲ್ಲದು, ಚಂದ್ರನಲ್ಲಿ ಕಾಲು ಮೀಟರಿಗಿಂತ ಹೆಚ್ಚು ನಿಲ್ಲುತ್ತದೆ. ಬೂಟಿನ ಅಚ್ಚಿನ ಆಳ ಕೆಲವೇ ಸೆಂಟಿಮೀಟರ್. ಆದರೆ ಅಂಟುಬಲ ಸೊನ್ನೆಯಾಗಿರುವ ಒಣ ಮರಳನ್ನು ಚಂದ್ರನಿಗೆ ಒಯ್ದರೆ ಗುರುತ್ವ ಎಷ್ಟೇ ಕಡಿಮೆಯಿದ್ದರೂ ಗೋಡೆ ನಿಲ್ಲುವುದಿಲ್ಲ.

ಆ ಚಿತ್ರ ನೆನಪಿಗಾಗಿ ತೆಗೆದದ್ದಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಿ. ಮಣ್ಣಿನ ಯಂತ್ರಶಾಸ್ತ್ರದ ಅಧ್ಯಯನಕ್ಕೆಂದೇ ಆಲ್ಡ್ರಿನ್ ಮೊದಲು ತುಳಿಯದ ನೆಲವನ್ನು, ಬಳಿಕ ತುಳಿದ ನೆಲವನ್ನು ಚಿತ್ರೀಕರಿಸಿದ್ದರು.

ಉತ್ತರ 2 – ಭೂವಿಜ್ಞಾನದ ನಿವೃತ್ತ ಉಪನ್ಯಾಸಕ, ಮಣಿಪಾಲ

ಎಂಜಿನಿಯರರ ವಿವರಣೆಯನ್ನು ಒಪ್ಪುತ್ತೇನೆ. ಹೆಸರಿನ ಬಗ್ಗೆ ನಾನು ಬರೆಯುತ್ತೇನೆ.

ನಮ್ಮ ಮುರಕಲ್ಲಿನ ನೆಲವನ್ನು ನೋಡಿ. ಕರಾವಳಿಯ ಮಳೆ ದೀರ್ಘಕಾಲ ಬಂಡೆಯೊಳಗೆ ಇಳಿದು ಸಿಲಿಕಾ, ಸೋಡಿಯಂ, ಪೊಟ್ಯಾಸಿಯಂಗಳನ್ನು ಕರಗಿಸಿ ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನು ಬಿಟ್ಟುಹೋದದ್ದರಿಂದ ಅದು ಕೆಂಪಾಯಿತು. ನೀರು, ಗಾಳಿ, ಬೇರು, ಸೂಕ್ಷ್ಮಜೀವಿ ಎಲ್ಲವೂ ಕೂಡಿ ಮಾಡಿದ್ದನ್ನು ನಾವು ಮಣ್ಣು ಎನ್ನುತ್ತೇವೆ. ಚಂದ್ರನಲ್ಲಿ ಇವು ಯಾವುವೂ ಇಲ್ಲ. ಅಲ್ಲಿನ ಕಬ್ಬಿಣ ತುಕ್ಕು ಹಿಡಿದು ಕೆಂಪಾಗುವ ಬದಲು, ಸೌರಮಾರುತ (ಸೂರ್ಯನಿಂದ ಹೊಮ್ಮುವ ಕಣಗಳ ಹರಿವು) ಮತ್ತು ಉಲ್ಕಾಕಣಗಳ ಹೊಡೆತದಿಂದ ಕಣದ ಮೈಮೇಲೆ ಅತಿಸೂಕ್ಷ್ಮ ಲೋಹದ ಚುಕ್ಕೆಗಳಾಗಿ ಕೂತು ನೆಲವನ್ನು ಮಂಕಾಗಿಸುತ್ತದೆ. ಆದ್ದರಿಂದ ಇಡೀ ಪುಡಿ ಹೊದಿಕೆಗೆ 'ರೆಗೊಲಿತ್' ಎಂಬ ಹೆಸರು ಹೆಚ್ಚು ಸರಿ. ಅದರ ದಪ್ಪ ಕಪ್ಪು ಬಯಲುಗಳಲ್ಲಿ ಸುಮಾರು 4–5 ಮೀಟರ್, ಎತ್ತರದ ಪ್ರದೇಶಗಳಲ್ಲಿ 10–15 ಮೀಟರ್. ಒಂದು ಸೆಂಟಿಮೀಟರಿಗಿಂತ ಸಣ್ಣ ಕಣಗಳ ಭಾಗವನ್ನು ವಿಜ್ಞಾನಿಗಳೂ ಮಣ್ಣು ಎಂದೇ ಬರೆಯುವುದರಿಂದ ತರಗತಿಯಲ್ಲಿ ಆ ಪದ ಬಳಸುವುದರಲ್ಲಿ ತಪ್ಪಿಲ್ಲ.

ನಮ್ಮ ದೇಶದ ಕೆಲಸವನ್ನೂ ಮಕ್ಕಳಿಗೆ ಹೇಳಬೇಕೆಂದು ನನ್ನ ಆಸೆ. ಇಸ್ರೋ ತನ್ನ ಲ್ಯಾಂಡರ್ ಮತ್ತು ರೋವರ್‌ಗಳ ಪರೀಕ್ಷೆಗೆ ತಮಿಳುನಾಡಿನ ನಾಮಕ್ಕಲ್ ಬಳಿಯ ಸಿತ್ತಂಪೂಂಡಿಯ ಅನಾರ್ಥೊಸೈಟ್ ಎಂಬ ತಿಳಿಬಣ್ಣದ ಕಲ್ಲನ್ನು ಪುಡಿಮಾಡಿ ಕೃತಕ ಚಂದ್ರಮಣ್ಣನ್ನು ತಯಾರಿಸಿತು. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ಪ್ರಜ್ಞಾನ್ ರೋವರ್ 23 ಕಡೆ ಅಳೆದಾಗ, ಅಲ್ಲಿನ ಮಣ್ಣೂ ಮುಖ್ಯವಾಗಿ ಅದೇ ಬಗೆಯ ಕಲ್ಲಿನದೆಂದು ತಿಳಿಯಿತು. ಲ್ಯಾಂಡರಿನಲ್ಲಿದ್ದ 'ಚಾಸ್ಟೆ' ಉಪಕರಣ ಹತ್ತು ಸಂವೇದಕಗಳ ಸರಳನ್ನು ನೆಲಕ್ಕೆ ಚುಚ್ಚಿ, ಮೇಲ್ಮೈ ಬಿಸಿಯಾಗಿದ್ದಾಗಲೂ ಸುಮಾರು 8 ಸೆಂಟಿಮೀಟರ್ ಕೆಳಗೆ ಶೂನ್ಯಕ್ಕಿಂತ ಕಡಿಮೆ ಉಷ್ಣತೆ ಇರುವುದನ್ನು ತೋರಿಸಿತು. ಕಣಗಳ ನಡುವೆ ಗಾಳಿಯೂ ಇಲ್ಲದ ಆ ಪುಡಿ ಶಾಖವನ್ನು ಕೆಳಗೆ ಬಿಡುವುದು ಇಲ್ಲವೆನ್ನುವಷ್ಟು ಕಡಿಮೆ.

ಉತ್ತರ 3 – ಮಕ್ಕಳ ವಿಜ್ಞಾನ ಶಿಬಿರಗಳನ್ನು ನಡೆಸುವವಳು, ಸುರತ್ಕಲ್

ಟೀಚರ್, ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಬಹುದು. ಕ್ರಷರಿನ ಕಲ್ಲಿನ ಪುಡಿಯನ್ನು ಮಾತ್ರ ತರಗತಿಗೆ ತರಬೇಡಿ, ಅದರ ನಯವಾದ ಧೂಳು ಶ್ವಾಸಕೋಶಕ್ಕೆ ಹಾನಿಕರ. ಅಪೊಲೊ 17ರ ಹ್ಯಾರಿಸನ್ ಸ್ಮಿಟ್ ಅವರಿಗೂ ಚಂದ್ರನ ಧೂಳಿನಿಂದ ಮೂಗು ಕಟ್ಟಿತ್ತು. ಒಂದು ತಟ್ಟೆಯಲ್ಲಿ ರವೆ, ಇನ್ನೊಂದರಲ್ಲಿ ಅಕ್ಕಿ ಹಿಟ್ಟು ಸಾಕು; ಎರಡರ ಮೇಲೂ ನಾಣ್ಯವನ್ನು ಒತ್ತಿ ತೆಗೆದು, ಯಾವುದರ ಅಂಚು ನಿಲ್ಲುತ್ತದೆ ಎಂದು ನೋಡಿ. ನಮ್ಮೂರಿನ ತೇವದ ಹವೆಯಲ್ಲಿ ಹಿಟ್ಟು ಪಸೆ ಹಿಡಿದಿರುತ್ತದೆ, ಆದ್ದರಿಂದ ಎರಡನ್ನೂ ಮೊದಲು ಬಾಣಲೆಯಲ್ಲಿ ಹುರಿದು ಆರಿಸಿಕೊಳ್ಳಿ. ಇಲ್ಲವಾದರೆ ಅಚ್ಚನ್ನು ನಿಲ್ಲಿಸಿದ್ದು ನೀರೋ ಕಣವೋ ಎಂದು ಗೊತ್ತಾಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಹುರಿದ ರವೆ ಮತ್ತು ಹಿಟ್ಟಿನ ಮೇಲೆ ನಾಣ್ಯವನ್ನು ನಿಲ್ಲಿಸಿ ಒತ್ತಿ ತೆಗೆದೆವು. ರವೆಯ ಅಂಚು ಕೂಡಲೇ ಜಾರಿ ಗೀರು ತುಂಬಿಹೋಯಿತು, ಹಿಟ್ಟಿನ ಅಂಚು ನೇರವಾಗಿ ನಿಂತಿತು. ಆ ವಿದ್ಯಾರ್ಥಿನಿ ತಟ್ಟೆಯನ್ನು ಮೆಲ್ಲನೆ ತಟ್ಟುತ್ತಾ, ಎಷ್ಟು ಪೆಟ್ಟಿಗೆ ಅಂಚು ಕುಸಿಯುತ್ತದೆ ಎಂದು ಎಣಿಸಿ ಬರೆದುಕೊಂಡಿದ್ದಾಳೆ. ಹುರಿಯದ ಹಿಟ್ಟಿನಲ್ಲಿಯೂ ಎಣಿಸಿ ನೋಡಬೇಕೆಂದು ಅವಳೇ ಹೇಳಿದ್ದರಿಂದ, ನಾಳೆ ಮೂರನೆಯ ತಟ್ಟೆಯನ್ನೂ ಇಡುತ್ತೇವೆ.