ರೆಸಿನ್‌ನಲ್ಲಿ ಮಾರ್ಟಿನ್-ಬೇಕರ್ ಎಂಬಿ5: ಮೊದಲ ಸಲ ಕಟ್ಟುವವರಿಗೆ ತಿಳಿದವರ ಮಾತು

ಕೇಳಿದ್ದು

ಪ್ಲಾಸ್ಟಿಕ್ ಕಿಟ್ ಕಟ್ಟಿ ಅಭ್ಯಾಸವಿದೆ, ರೆಸಿನ್ (ಅಚ್ಚಿಗೆ ಹೊಯ್ದು ಗಟ್ಟಿ ಮಾಡುವ ದ್ರವ) ಕಿಟ್ ಇದೇ ಮೊದಲು. ಎರಡನೇ ಮಹಾಯುದ್ಧ ಕಾಲದ ಬ್ರಿಟಿಷ್ ಯುದ್ಧವಿಮಾನ ಮಾರ್ಟಿನ್-ಬೇಕರ್ ಎಂಬಿ5ರ 1/72 ಅಳತೆಯ ಕಿಟ್ ಕೈಗೆ ಬಂದಿದೆ. ಒಡಲು ಎರಡು ಹೋಳು, ಎಡ-ಬಲ ರೆಕ್ಕೆಗಳು ಗಟ್ಟಿ ಎರಕ, ಕ್ಯಾನೊಪಿ (ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ) ತೆಳು ಹಾಳೆಯನ್ನು ವ್ಯಾಕ್ಯೂಮ್‌ನಲ್ಲಿ ಎಳೆದದ್ದು. ಒಂದು ರೆಕ್ಕೆಯ ತುದಿ ಬಾಗಿದೆ. ಸೂಚನೆ ಅಂತ ಇರುವುದು ಒಂದೇ ಚಿತ್ರ. ಎಲ್ಲಿಂದ ಶುರು ಮಾಡಲಿ, ಜನ ಎಲ್ಲಿ ಎಡವುತ್ತಾರೆ? ತಿಳಿದವರು ದಯವಿಟ್ಟು ಹೇಳಿ.

ಉತ್ತರ

ಅಂಟು ಮುಟ್ಟುವ ಮೊದಲು ಒಂದು ಫೋಟೊ ಆರಿಸಿಕೊಳ್ಳಿ. ಎಂಬಿ5 ತಯಾರಾದದ್ದು ಒಂದೇ ಒಂದು, ಸರಣಿ ಸಂಖ್ಯೆ ಆರ್2496. 1944ರ ಮೇ 23ರಂದು ಮೊದಲು ಹಾರಿತು. ಆ ಹಾರಾಟದಲ್ಲಿ ದಿಕ್ಕಿನ ಸ್ಥಿರತೆ ಸಾಲದು ಅಂತ ಗೊತ್ತಾಗಿ ಬಾಲವನ್ನು ಮತ್ತೆ ವಿನ್ಯಾಸ ಮಾಡಿದರು. ಹಾಗಾಗಿ ಆರಂಭದ ಫೋಟೊದಲ್ಲಿರುವ ಬಾಲ ಬೇರೆ, 1946ರಲ್ಲಿ ಫಾರ್ನ್‌ಬರೋ ಪ್ರದರ್ಶನಕ್ಕೆ ಬಂದಾಗಿನ ಬಾಲ ಬೇರೆ. ಕಿಟ್‌ನ ಬಾಲ ಯಾವ ಕಾಲದ್ದು ಅಂತ ನೋಡಿ, ಬಣ್ಣ, ಗುರುತು, ಚಕ್ರದ ಬಾಗಿಲು ಎಲ್ಲವನ್ನೂ ಅದೇ ಕಾಲದ ಫೋಟೊದಿಂದ ತೆಗೆದುಕೊಳ್ಳಿ. ಸಾವಿರಗಟ್ಟಲೆ ತಯಾರಾದ ವಿಮಾನದಲ್ಲಿ ಏನು ಮಾಡಿದರೂ ಅಂಥದ್ದೊಂದು ಎಲ್ಲೋ ಇದ್ದಿರಬಹುದು. ಪ್ರೊಟೊಟೈಪಿನಲ್ಲಿ, ಅಂದರೆ ಪರೀಕ್ಷೆಗೆಂದು ಕಟ್ಟಿದ ಇಂಥ ಮಾದರಿ ವಿಮಾನದಲ್ಲಿ, ಆ ಅವಕಾಶವಿಲ್ಲ.

ಆಮೇಲೆ ಅಳತೆ ನೋಡಿ. ನಿಜ ವಿಮಾನದ ರೆಕ್ಕೆ ಹರವು 10.67 ಮೀಟರ್, ಅಂದರೆ 1/72ರಲ್ಲಿ 148 ಮಿ.ಮೀ. ಉದ್ದ ಸುಮಾರು 11.5 ಮೀಟರ್, ಅಂದರೆ 160 ಮಿ.ಮೀ. ರೆಸಿನ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ. ಒಟ್ಟಾರೆ ಒಂದು ಮಿ.ಮೀ. ಕಡಿಮೆಯಿದ್ದರೆ ಚಿಂತೆ ಬೇಡ. ಆದರೆ ಎಡ-ಬಲ ರೆಕ್ಕೆಗಳ ಉದ್ದ ಒಂದಕ್ಕೊಂದು ಹೊಂದದಿದ್ದರೆ ಈಗಲೇ ಸರಿಮಾಡಿ.

ಇನ್ನೊಬ್ಬರು

ಎಲ್ಲಕ್ಕಿಂತ ಮೊದಲು ತೊಳೆಯುವುದು. ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಹಚ್ಚಿದ ಎಣ್ಣೆಯಂಥ ಪದಾರ್ಥ ರೆಸಿನ್ ಮೇಲೆ ಉಳಿದಿರುತ್ತದೆ. ಅದರ ಮೇಲೆ ಬಳಿದ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಪದರ) ಮಾಸ್ಕಿಂಗ್ ಟೇಪ್ ಎಳೆದಾಗ ಪದರವಾಗಿ ಕಿತ್ತುಬರುತ್ತದೆ. ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೆಯ ಟೂತ್‌ಬ್ರಷ್ ಸಾಕು. ಪ್ಯಾನಲ್ ಗೆರೆಗಳ ಒಳಗೂ ತಿಕ್ಕಿ. ಪ್ರೈಮರ್‌ಗೆ ಮುಂಚೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಇನ್ನೊಮ್ಮೆ ಒರೆಸಿ, ಕೈಯ ಜಿಡ್ಡೂ ಹೋಗುತ್ತದೆ.

ರೆಸಿನ್ ದೂಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ತುಂಬ ನುಣುಪು, ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಉಜ್ಜುವುದೆಲ್ಲ ನೀರು ಹಾಕಿಕೊಂಡೇ ಆಗಲಿ. ಗರಗಸ, ಡ್ರಿಲ್ ಹಿಡಿದಾಗ ಎನ್95 ಮಾಸ್ಕ್ ಕಡ್ಡಾಯ.

ಎರಕ ಹೊಯ್ಯುವಾಗ ಭಾಗಕ್ಕೆ ಅಂಟಿಕೊಂಡು ಉಳಿಯುವ ರೆಸಿನ್ ದಿಮ್ಮಿಯನ್ನು ಒಂದೇ ಏಟಿಗೆ ಭಾಗಕ್ಕೆ ಸಮವಾಗಿ ಕತ್ತರಿಸಬಾರದು. ತೆಳು ಅಲಗಿನ ಗರಗಸದಿಂದ ಅರ್ಧ ಮಿ.ಮೀ. ಬಿಟ್ಟು ಕೊಯ್ದು, ಉಳಿದದ್ದನ್ನು 320ರ ನೀರು ಕಾಗದದಲ್ಲಿ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಉಜ್ಜಿ ಇಳಿಸಿ. ಕಟ್ಟರ್‌ನಿಂದ ಚಿವುಟಿದರೆ ರೆಸಿನ್ ಚಕ್ಕೆ ಎದ್ದು ಭಾಗದ ಒಳಕ್ಕೇ ಬಿರುಕು ಹೋಗುತ್ತದೆ.

ಬಾಗಿದ ತುದಿಗೆ 70 ಡಿಗ್ರಿ ಆಸುಪಾಸಿನ ನೀರು. ಒಂದು ನಿಮಿಷ ಮುಳುಗಿಸಿ, ಮೆತ್ತಗಾದ ಮೇಲೆ ಗಾಜಿನ ಮೇಲಿಟ್ಟು ನೇರ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಅದ್ದಿ. ಕುದಿಯುವ ನೀರು ಬೇಡ, ತೆಳುವಾದ ಹಿಂಬದಿಯ ಅಂಚು ಅಲೆ ಅಲೆಯಾಗುತ್ತದೆ.

ಮತ್ತೊಬ್ಬರು

ಮೇಲಿನವರು ಹೇಳಿದ್ದಕ್ಕೆ ಅಂಟಿನ ವಿಷಯ ಸೇರಿಸುತ್ತೇನೆ. ಪ್ಲಾಸ್ಟಿಕ್ ಸಿಮೆಂಟ್ ಇಲ್ಲಿ ನಡೆಯುವುದೇ ಇಲ್ಲ. ಅದು ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವಂಥದ್ದು, ಪಾಲಿಯುರೆಥೇನ್ ರೆಸಿನ್ ಅದಕ್ಕೆ ಜಗ್ಗುವುದಿಲ್ಲ. ಚಿಕ್ಕ ಭಾಗಗಳಿಗೆ ಸೂಪರ್ ಗ್ಲೂ, ಭಾರ ಹೊರುವ ಕಡೆ ಎರಡು ಟ್ಯೂಬಿನ ಎಪಾಕ್ಸಿ.

ಒಡಲಿನ ಹೋಳುಗಳ ಅಂಚನ್ನು ಗಾಜಿಗೆ ಅಂಟಿಸಿದ 400ರ ಕಾಗದದ ಮೇಲೆ ಎಂಟರ ಆಕಾರದಲ್ಲಿ ತಿಕ್ಕಿ ಸಮ ಮಾಡಿ. ನಾಲ್ಕು ಸುತ್ತಿಗೊಮ್ಮೆ ಜೋಡಿಸಿ ನೋಡುತ್ತಿರಿ. ಹೆಚ್ಚು ಉಜ್ಜಿದರೆ ಒಡಲು ಕಿರಿದಾಗುತ್ತದೆ, ಆಗ ಕ್ಯಾನೊಪಿಯ ಬುಡ ಎರಡೂ ಕಡೆ ಹೊರಚಾಚುತ್ತದೆ, ಸ್ಪಿನ್ನರ್ (ಪ್ರೊಪೆಲ್ಲರ್ ನಡುವಿನ ಶಂಕು) ಮೂಗಿಗಿಂತ ದಪ್ಪ ಕಾಣುತ್ತದೆ. ಕಾಕ್‌ಪಿಟ್ ಕೂರದಿದ್ದರೆ ಕಾಕ್‌ಪಿಟ್ ಕೊರೆಯಬೇಡಿ, ಒಡಲಿನ ಗೋಡೆಯನ್ನು ಒಳಗಿನಿಂದ ಕೆರೆದು ತೆಳುವಾಗಿಸಿ. ದೀಪಕ್ಕೆ ಹಿಡಿದಾಗ ಬೆಳಕು ತುಸು ಒಸರುವಷ್ಟಾದರೆ ನಿಲ್ಲಿಸಿ.

ಹೆಚ್ಚು ಮಂದಿ ಸೋಲುವುದು ರೆಕ್ಕೆಯಲ್ಲಿ. ಗಟ್ಟಿ ರೆಕ್ಕೆ ಭಾರ, ಒಡಲಿಗೆ ಬರಿ ಮುಖಕ್ಕೆ ಮುಖ ಅಂಟಿಸಿದರೆ ಒಂದು ದಿನ ಕೈಯಲ್ಲೇ ಕಳಚುತ್ತದೆ. ಪ್ರತಿ ರೆಕ್ಕೆಯ ಬುಡಕ್ಕೆ 1 ಮಿ.ಮೀ. ದಪ್ಪದ ಹಿತ್ತಾಳೆ ಸರಳಿನ ಎರಡು ಗೂಟ ಕೊಡಿ, ರೆಕ್ಕೆಯೊಳಗೆ 8 ಮಿ.ಮೀ. ಇಳಿಯಲಿ. ತೂತುಗಳು ಎದುರುಬದುರು ಬರುವುದಕ್ಕೆ ಒಂದು ಉಪಾಯವಿದೆ. ಮೊದಲು ರೆಕ್ಕೆಯಲ್ಲಿ ಮಾತ್ರ ಕೊರೆದು, ಅರ್ಧ ಮಿ.ಮೀ. ಹೊರಗಿಣುಕುವಂತೆ ಗೂಟ ಇಟ್ಟು, ತುದಿಗೆ ಬಣ್ಣ ಮುಟ್ಟಿಸಿ ಒಡಲಿಗೆ ಒತ್ತಿ. ಚುಕ್ಕೆ ಬಿದ್ದಲ್ಲಿ ಕೊರೆಯಿರಿ. ಒಡಲಿನ ತೂತು 1.2 ಮಿ.ಮೀ. ಇದ್ದರೆ ಕೋನ ತಿದ್ದಲು ಆಟ ಸಿಗುತ್ತದೆ.

ಐದು ನಿಮಿಷದ ಎಪಾಕ್ಸಿ ಇಲ್ಲಿ ಬೇಡ, ಅರ್ಧ ಗಂಟೆಯದು ಹಾಕಿ. ರೆಕ್ಕೆ ತುದಿಗಳ ಕೆಳಗೆ ಸಮ ಎತ್ತರದ ರಟ್ಟಿನ ಆಸರೆ ಇಟ್ಟು, ಎದುರಿನಿಂದ ಮತ್ತು ಮೇಲಿನಿಂದ ನೋಡಿ ಹೊಂದಿಸಿ, ರಾತ್ರಿಯಿಡೀ ಮುಟ್ಟಬೇಡಿ.

ಕೇಳಿದವರು

ಬಹಳ ಉಪಕಾರವಾಯಿತು. ಎರಡು ಸಂಶಯ. ಒಡಲಿನ ಮೇಲೆ ಸೂಜಿಮೊನೆಯಂಥ ಗುಳ್ಳೆಗಳಿವೆ, ಪುಟ್ಟಿ ಬಳಿದರೆ ಸಾಕೇ? ಪ್ರೊಪೆಲ್ಲರ್‌ಗೆ ಆರು ಎಲೆ ಬಿಡಿಬಿಡಿಯಾಗಿ ಕೊಟ್ಟಿದ್ದಾರೆ, ಎಲ್ಲ ಒಂದೇ ಥರ ಕಾಣುತ್ತವೆ.

ಉತ್ತರ

ಗುಳ್ಳೆಯ ಮೇಲೆ ಪುಟ್ಟಿ ಸವರಿದರೆ ಒಳಗೆ ಗಾಳಿ ಉಳಿಯುತ್ತದೆ, ಆಮೇಲೆ ಉಜ್ಜುವಾಗ ಮತ್ತೆ ಬಾಯಿ ತೆರೆಯುತ್ತದೆ. 0.5 ಮಿ.ಮೀ. ಡ್ರಿಲ್‌ನಿಂದ ಮೊದಲು ಅಗಲಿಸಿ, ಟಾಲ್ಕಮ್ ಪೌಡರ್ ಬೆರೆಸಿದ ಸೂಪರ್ ಗ್ಲೂ ತುಂಬಿ. ಗಟ್ಟಿಯಾದ ಕೂಡಲೇ, ಹೆಚ್ಚೆಂದರೆ ಅರ್ಧ ಗಂಟೆಯೊಳಗೆ, ಉಜ್ಜಿಬಿಡಿ. ಮರುದಿನಕ್ಕೆ ಬಿಟ್ಟರೆ ಅದು ರೆಸಿನ್‌ಗಿಂತ ಗಡುಸಾಗಿ, ಸುತ್ತಲಿನ ರೆಸಿನ್ ಸವೆದು ಅದೊಂದೇ ಉಬ್ಬಿ ನಿಲ್ಲುತ್ತದೆ. ಬರಿಗಣ್ಣಿಗೆ ಕಾಣದ ಗುಳ್ಳೆಗಳು ಪ್ರೈಮರ್ ಬಿದ್ದ ಮೇಲೆ ಹೊರಬರುತ್ತವೆ. ಹಾಗಾಗಿ ಮೊದಲ ಪ್ರೈಮರನ್ನು ತಪಾಸಣೆಗೆ ಅಂತಲೇ ಲೆಕ್ಕ ಹಾಕಿ.

ಪ್ರೊಪೆಲ್ಲರ್ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಎಂಬಿ5ರ ರೋಲ್ಸ್-ರಾಯ್ಸ್ ಗ್ರಿಫನ್ 83 ಎಂಜಿನ್ ಒಂದರ ಹಿಂದೊಂದು ಎರಡು ಮೂರೆಲೆಯ ಪ್ರೊಪೆಲ್ಲರ್‌ಗಳನ್ನು ವಿರುದ್ಧ ದಿಕ್ಕಿಗೆ ತಿರುಗಿಸುತ್ತಿತ್ತು. ಮುಂದಿನ ಮೂರು ಎಲೆಗಳ ತಿರುಚು ಹಿಂದಿನ ಮೂರಕ್ಕೆ ಕನ್ನಡಿ ಬಿಂಬ. ಚೌಕಟ್ಟಿನಿಂದ ಬಿಡಿಸುವ ಮೊದಲೇ ಎರಡು ಗುಂಪು ಮಾಡಿ ಗುರುತು ಹಾಕಿ. ಬುಡ ಕೆಳಗೆ ಮಾಡಿ, ಚಪ್ಪಟೆ ಮುಖ ನಿಮ್ಮತ್ತ ಹಿಡಿದರೆ, ದಪ್ಪ ದುಂಡಗಿನ ಅಂಚು ಒಂದು ಗುಂಪಿಗೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ ಬರಬೇಕು. ಎಲೆ ತಿರುಗುವಾಗ ಗಾಳಿ ಸೀಳುವುದು ಆ ದಪ್ಪ ಅಂಚೇ. ಆರೂ ಒಂದೇ ಕಡೆ ಬಂದರೆ ಎರಕ ಹಾಕಿದವರ ತಪ್ಪು. ಮೂರನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಎದುರು ದಿಕ್ಕಿಗೆ ತಿರುಚಿ, ಅಂಚುಗಳನ್ನು ಅರದಿಂದ ಅದಲುಬದಲು ಮಾಡಬೇಕಾಗುತ್ತದೆ.

ಜೋಡಿಸಲು ಕಾಗದದ ಮೇಲೆ 120 ಡಿಗ್ರಿಗೊಂದು ಗೆರೆ ಎಳೆದು, ನಡುವೆ ಸ್ಪಿನ್ನರ್ ಇಟ್ಟು, ಎಲೆಯ ಬುಡಕ್ಕೆ 0.4 ಮಿ.ಮೀ. ತಂತಿಯ ಗೂಟ ಕೊಡಿ. ಒಂದು ಸೆಟ್ ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು.

ಬಣ್ಣದ ಬಗ್ಗೆ

ಮೇಲೆ ಎರಡು ಬಣ್ಣದ ಕ್ಯಾಮೋಫ್ಲಾಜ್, ಹೊಟ್ಟೆ ಹಳದಿ, ಒಡಲಿನ ಪಕ್ಕದಲ್ಲಿ ಹಳದಿ ವೃತ್ತದೊಳಗೆ ಹಳದಿ ‘ಪಿ’. ಬ್ರಿಟಿಷ್ ಪ್ರೊಟೊಟೈಪ್‌ಗಳಿಗೆ ಆಗಿದ್ದ ಗುರುತು ಇದು. ಕಪ್ಪು-ಬಿಳುಪು ಫೋಟೊ ನೋಡಿ ಹೊಟ್ಟೆ ಕಂದು ಅಥವಾ ಬೂದು ಅಂದುಕೊಳ್ಳಬೇಡಿ. ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ನಲ್ಲಿ ಹಳದಿ ಕಪ್ಪಾಗಿಯೇ ಬೀಳುತ್ತದೆ.

ಬೂದು ಪ್ರೈಮರ್ ಮೇಲೆ ಹಳದಿ ಹಸಿರು ಛಾಯೆಗೆ ತಿರುಗುತ್ತದೆ. ಹೊಟ್ಟೆಗೆ ಬಿಳಿ ಅಥವಾ ತಿಳಿ ಗುಲಾಬಿ ತಳ ಹಾಕಿ, ಹಳದಿಯನ್ನು ಮೂರು-ನಾಲ್ಕು ತೆಳು ಕೋಟಿನಲ್ಲಿ ಕೊಡಿ. ಹಳದಿ ಮೊದಲು, ಗಾಢ ಬಣ್ಣ ಆಮೇಲೆ. ಡಿಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಹಳೆಯದಾಗಿದ್ದರೆ ಬೇಡದ ಒಂದನ್ನು ನೀರಿಗೆ ಹಾಕಿ ನೋಡಿ. ಒಡೆದರೆ ಉಳಿದವುಗಳ ಮೇಲೆ ಹೊಳಪಿನ ವಾರ್ನಿಶ್ ಒಂದು ಪದರ ಸಿಂಪಡಿಸಿ, ಒಣಗಿದ ಮೇಲೆ ಅಂಚು ಹಿಡಿದು ಕತ್ತರಿಸಿ ಬಳಸಿ.

ಕೊನೆಯಲ್ಲಿ ಸೇರಿಸುವ ಭಾಗಗಳು

ಚಕ್ರದ ಕಾಲುಗಳು ರೆಸಿನ್‌ನವೇ ಆಗಿದ್ದರೆ ಬದಲಿಸಿ. ಇಷ್ಟು ಭಾರಕ್ಕೆ, ಅದರಲ್ಲೂ ಬಿಸಿಲು ಬೀಳುವ ಕಪಾಟಿನಲ್ಲಿ, ಅವು ನಿಧಾನವಾಗಿ ಹೊರಬಾಗುತ್ತವೆ. ಕಿಟ್‌ನ ಕಾಲನ್ನು ಮಾದರಿಯಾಗಿಟ್ಟುಕೊಂಡು ಹಿತ್ತಾಳೆ ಸರಳು ಮತ್ತು ಕೊಳವೆಯಿಂದ ಮಾಡಿ. ಬಾಗಿಲುಗಳನ್ನು 0.25 ಮಿ.ಮೀ. ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿದರೆ ದಪ್ಪ ಸರಿಹೋಗುತ್ತದೆ. ಪಕ್ಕಕ್ಕೆ ಆರರಂತೆ ಇರುವ ಎಕ್ಸಾಸ್ಟ್ ಬಾಯಿಗಳನ್ನು ಸಣ್ಣ ಡ್ರಿಲ್‌ನಿಂದ ಟೊಳ್ಳು ಮಾಡಿ. ನಾಲ್ಕು 20 ಮಿ.ಮೀ. ತೋಪುಗಳ ನಳಿಗೆಗೆ ತೆಳು ಹಿತ್ತಾಳೆ ಕೊಳವೆ ಸಾಕು, ಎಲ್ಲ ಮುಗಿದ ಮೇಲೆ ಅಂಟಿಸಿ.

ಕ್ಯಾನೊಪಿ ಕತ್ತರಿಸುವ ಮೊದಲು ಒಳಗೆ ಬ್ಲೂ ಟ್ಯಾಕ್ (ಮೆತ್ತನೆಯ ಅಂಟು ಮುದ್ದೆ) ಗಟ್ಟಿಯಾಗಿ ತುಂಬಿ, ಇಲ್ಲವಾದರೆ ಒತ್ತಡಕ್ಕೆ ನಲುಗುತ್ತದೆ. ಹೊಸ ಬ್ಲೇಡು, ಹತ್ತಾರು ಹಗುರ ಎಳೆತ, ಗೆರೆಯ ಹೊರಗೆ ಒಂದು ಮಿ.ಮೀ. ಬಿಟ್ಟು ಕತ್ತರಿಸಿ, ಆಮೇಲೆ ಉಜ್ಜಿ ಕೂರಿಸಿ. ಸೂಪರ್ ಗ್ಲೂ ಆವಿ ಗಾಜಿಗೆ ಬಿಳಿ ಮಂಜು ಹಿಡಿಸುತ್ತದೆ, ಬಿಳಿ ಪಿವಿಎ ಗೋಂದೇ ಸರಿ. ಕಾಕ್‌ಪಿಟ್ ಒಳಗೆ ಸೂಪರ್ ಗ್ಲೂ ಬಳಸಿದ್ದರೆ, ಒಂದು ದಿನ ಪೂರ್ತಿ ಗಾಳಿಗೆ ಬಿಟ್ಟ ಮೇಲೆಯೇ ಕ್ಯಾನೊಪಿ ಮುಚ್ಚಿ.