ಕನ್ನಡದಲ್ಲಿ ವಿಭಕ್ತಿಗಳು ನಿಜಕ್ಕೂ ಏಳೇ? ಮಕ್ಕಳಿಗೆ ಹೇಗೆ ಕಲಿಸುವುದು?

ಪ್ರಶ್ನೆ: ಭಾನುವಾರದ ತರಗತಿ

ಜರ್ಮನಿಯ ಸ್ಟುಟ್‌ಗಾರ್ಟ್ ಸಮೀಪದ ಊರೊಂದರಲ್ಲಿ, ಇಲ್ಲೇ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳಿಗೆ ವಾರಕ್ಕೊಮ್ಮೆ ಕನ್ನಡ ಹೇಳಿಕೊಡುತ್ತಿದ್ದೇನೆ. ಮಕ್ಕಳೆಲ್ಲ ಹತ್ತರಿಂದ ಹದಿನಾಲ್ಕು ವರ್ಷದೊಳಗಿನವರು. ಮನೆಯಲ್ಲಿ ಕನ್ನಡ ಕೇಳಿಕೊಂಡು ಬೆಳೆದಿರುವುದರಿಂದ ಮಾತು ತಿಳಿಯುತ್ತದೆ, ಸಾಕಷ್ಟು ಆಡಲೂ ಬರುತ್ತದೆ. ಓದು ಬರಹ ಈಗಷ್ಟೇ ಕೈಹತ್ತುತ್ತಿದೆ. ಶಾಲೆಯಲ್ಲಿ ಜರ್ಮನ್ ಭಾಷೆಯ ನಾಲ್ಕು ವಿಭಕ್ತಿಗಳನ್ನು ಕಲಿತಿರುವುದರಿಂದ, ವಿಭಕ್ತಿ ಎಂದರೇನು ಎಂಬುದನ್ನು ಅವರಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ.

ನಾನು ಪ್ರೌಢಶಾಲೆಯಲ್ಲಿ ಕಲಿತಂತೆಯೇ ಪ್ರಥಮೆಗೆ 'ಉ', ದ್ವಿತೀಯೆಗೆ 'ಅನ್ನು', ತೃತೀಯೆಗೆ 'ಇಂದ', ಚತುರ್ಥಿಗೆ 'ಗೆ, ಇಗೆ, ಕ್ಕೆ', ಪಂಚಮಿಗೆ 'ದೆಸೆಯಿಂದ', ಷಷ್ಠಿಗೆ 'ಅ', ಸಪ್ತಮಿಗೆ 'ಅಲ್ಲಿ' ಎಂದು ಪಟ್ಟಿ ಬರೆದೆ. ಪಂಚಮಿಗೆ ಬರುವಷ್ಟರಲ್ಲಿ ಒಬ್ಬ ಹುಡುಗಿ ಕೈಯೆತ್ತಿ, "ನಮ್ಮ ಮನೆಯಲ್ಲಿ ಯಾರೂ ಮರದ ದೆಸೆಯಿಂದ ಹಣ್ಣು ಬಿತ್ತು ಎನ್ನುವುದಿಲ್ಲ, ಮರದಿಂದ ಬಿತ್ತು ಎನ್ನುತ್ತಾರೆ. ಹಾಗಾದರೆ ಅದು ಮೂರನೆಯದಲ್ಲವೇ?" ಎಂದು ಕೇಳಿದಳು. ಅವಳ ಪ್ರಶ್ನೆಯಲ್ಲಿ ತಪ್ಪೇನೂ ಕಾಣಲಿಲ್ಲ, ಉತ್ತರವೂ ಹೊಳೆಯಲಿಲ್ಲ.

ತಿಳಿದವರಲ್ಲಿ ನನ್ನ ಕೋರಿಕೆ ಇದು. ಒಂದು ಭಾಷೆಯಲ್ಲಿ ಇಂತಿಷ್ಟು ವಿಭಕ್ತಿಗಳಿವೆ ಎಂದು ಎಣಿಸುವುದು ಯಾವ ಆಧಾರದ ಮೇಲೆ? ಜರ್ಮನ್ನಿಗೆ ನಾಲ್ಕು, ಸಂಸ್ಕೃತಕ್ಕೆ ಏಳು, ಫಿನ್ನಿಷ್ ಭಾಷೆಗೆ ಹದಿನೈದು ಎನ್ನುತ್ತಾರೆ. ಈ ಸಂಖ್ಯೆಗಳು ಭಾಷೆಯಲ್ಲೇ ಇರುವಂಥವೋ, ವ್ಯಾಕರಣಕಾರರು ಹಾಕಿಕೊಂಡ ಲೆಕ್ಕವೋ? ಈ ಮಕ್ಕಳಿಗೆ ಯಾವುದನ್ನು ಮೊದಲು, ಹೇಗೆ ಕಲಿಸಿದರೆ ಒಳ್ಳೆಯದು?

ಉತ್ತರ 1: ವಾಕ್ಯವಿಚಾರ

ಆ ಹುಡುಗಿ ಕೇಳಿರುವುದು ಭಾಷಾವಿಜ್ಞಾನದಲ್ಲಿ ಕೇಳಲೇಬೇಕಾದ ಪ್ರಶ್ನೆ. ದಯವಿಟ್ಟು ಅವಳಿಗೆ ಹಾಗೆಂದು ಹೇಳಿ.

ವಿಭಕ್ತಿಗಳನ್ನು ಎಣಿಸುವಾಗ ನೋಡಬೇಕಾದದ್ದು ಅರ್ಥವನ್ನಲ್ಲ, ರೂಪವನ್ನು. ಅರ್ಥಗಳ ವ್ಯತ್ಯಾಸಕ್ಕೆ ಕೊನೆಯೆಂಬುದಿಲ್ಲ. ರೂಪ ಎಲ್ಲಿ ಬೇರೆಯಾಗುತ್ತದೆಯೋ ಅಲ್ಲಿ ಮಾತ್ರ ವಿಭಕ್ತಿ ಬೇರೆಯಾಗುತ್ತದೆ. ಎಲ್ಲ ನಾಮಪದಗಳಲ್ಲೂ ಬೇರೆಯಾಗಬೇಕೆಂದಿಲ್ಲ, ಆ ಭಾಷೆಯ ಯಾವುದಾದರೂ ಒಂದು ಬಗೆಯ ಪದದಲ್ಲಿ ಬೇರೆಯಾದರೂ ಸಾಕು. ನಿಮ್ಮ ಮಕ್ಕಳಿಗೆ ತಿಳಿದಿರುವ ಜರ್ಮನ್ನಿನಿಂದಲೇ ಉದಾಹರಣೆ ಕೊಡುತ್ತೇನೆ. 'ಹೆಂಗಸು' ಎಂಬರ್ಥದ 'ಡಿ ಫ್ರಾವ್' ಎಂಬುದು ಕರ್ತೃವಾದಾಗಲೂ ಕರ್ಮವಾದಾಗಲೂ ಒಂದೇ ರೂಪದಲ್ಲಿರುತ್ತದೆ. ಆದರೆ 'ನಾಯಿ' ಎಂಬ ಪುಲ್ಲಿಂಗದ ಪದ ಕರ್ತೃವಾದಾಗ 'ಡೆರ್ ಹುಂಡ್', ಕರ್ಮವಾದಾಗ 'ಡೆನ್ ಹುಂಡ್' ಆಗುತ್ತದೆ. ಪುಲ್ಲಿಂಗದ ಏಕವಚನದಲ್ಲಿ ಈ ಭೇದ ಉಳಿದಿರುವುದರಿಂದಲೇ ಜರ್ಮನ್ನಿನಲ್ಲಿ ಪ್ರಥಮೆ ಮತ್ತು ದ್ವಿತೀಯೆಗಳು ಎರಡು ಬೇರೆ ವಿಭಕ್ತಿಗಳಾಗಿ ನಿಲ್ಲುತ್ತವೆ.

ಸಂಸ್ಕೃತದಲ್ಲೂ ಹೀಗೆಯೇ. ಬಹುವಚನದಲ್ಲಿ ಚತುರ್ಥಿಗೂ ಪಂಚಮಿಗೂ 'ರಾಮೇಭ್ಯಃ' ಎಂಬ ಒಂದೇ ರೂಪವಿದೆ. ದ್ವಿವಚನದಲ್ಲಂತೂ ತೃತೀಯೆ, ಚತುರ್ಥಿ, ಪಂಚಮಿ ಮೂರಕ್ಕೂ 'ರಾಮಾಭ್ಯಾಮ್' ಒಂದೇ. ಹೀಗಿದ್ದರೂ ಏಕವಚನದಲ್ಲಿ 'ರಾಮೇಣ', 'ರಾಮಾಯ', 'ರಾಮಾತ್' ಎಂದು ಮೂರೂ ಬೇರೆ ಬೇರೆಯಾಗಿರುವುದರಿಂದ ಮೂರು ವಿಭಕ್ತಿಗಳನ್ನು ಒಪ್ಪಲೇಬೇಕಾಗುತ್ತದೆ.

ಇದೇ ಪರೀಕ್ಷೆಯನ್ನು ಇಂದಿನ ಕನ್ನಡಕ್ಕೆ ಹಚ್ಚಿ ನೋಡಿ. 'ಕತ್ತಿಯಿಂದ ಕಡಿದರು' ಎಂಬಲ್ಲಿ ಸಾಧನ, 'ಊರಿನಿಂದ ಬಂದರು' ಎಂಬಲ್ಲಿ ಹೊರಟ ಜಾಗ, 'ಜ್ವರದಿಂದ ನರಳಿದರು' ಎಂಬಲ್ಲಿ ಕಾರಣ. ಮೂರು ಅರ್ಥಗಳಿಗೂ ಪ್ರತ್ಯಯ ಒಂದೇ. ಏಕವಚನವಾಗಲಿ ಬಹುವಚನವಾಗಲಿ, ಮನುಷ್ಯರಾಗಲಿ ವಸ್ತುವಾಗಲಿ, 'ನನ್ನಿಂದ', 'ಅವರಿಂದ' ಎಂಬ ಸರ್ವನಾಮಗಳಾಗಲಿ, ಎಲ್ಲಿ ಹುಡುಕಿದರೂ ತೃತೀಯೆ ಮತ್ತು ಪಂಚಮಿಗಳನ್ನು ಬೇರ್ಪಡಿಸುವ ರೂಪ ಸಿಗುವುದಿಲ್ಲ. 'ದೆಸೆಯಿಂದ' ಎಂಬುದು ಪ್ರತ್ಯಯವೂ ಅಲ್ಲ. 'ದೆಸೆ' ಎಂಬ ನಾಮಪದಕ್ಕೆ 'ಇಂದ' ಸೇರಿ ಆದ ಪದ ಅದು. ಅದರ ಹಿಂದೆ 'ಮರದ' ಎಂದು ಷಷ್ಠಿ ಬರುವುದೇ ಇದಕ್ಕೆ ಸಾಕ್ಷಿ.

ಇದಕ್ಕಿಂತ ಕುತೂಹಲದ ಸಂಗತಿ ಹೋಲಿಕೆಯಲ್ಲಿದೆ. ಒಬ್ಬರಿಗಿಂತ ಇನ್ನೊಬ್ಬರು ಎತ್ತರ ಎನ್ನಲು ಸಂಸ್ಕೃತ ಪಂಚಮಿಯನ್ನು ಬಳಸುತ್ತದೆ. ಕನ್ನಡದಲ್ಲಿ 'ರಾಮನಿಗಿಂತ', 'ಮರಕ್ಕಿಂತ' ಎನ್ನುತ್ತೇವೆ. 'ರಾಮನಿಗೆ', 'ಮರಕ್ಕೆ' ಎಂಬ ಚತುರ್ಥಿಯ ರೂಪಗಳು ಅದರೊಳಗೆ ಎದ್ದು ಕಾಣುತ್ತವೆ. ಅಂದರೆ ಸಂಸ್ಕೃತದ ಐದನೆಯ ವಿಭಕ್ತಿ ಮಾಡುವ ಕೆಲಸ ಕನ್ನಡದಲ್ಲಿ ಸ್ವಲ್ಪ ಮೂರನೆಯದಕ್ಕೆ, ಸ್ವಲ್ಪ ನಾಲ್ಕನೆಯದಕ್ಕೆ ಹಂಚಿಹೋಗಿದೆ. ಏಳು ಮನೆಗಳ ಪಟ್ಟಿಯನ್ನು ಮೊದಲೇ ಕಟ್ಟಿಟ್ಟುಕೊಂಡು ಅದರೊಳಗೆ ಭಾಷೆಯನ್ನು ತುಂಬಲು ಹೊರಟರೆ ಇಂಥ ಸಂಗತಿ ಕಣ್ಣಿಗೇ ಬೀಳುವುದಿಲ್ಲ. ಕನ್ನಡದ ಶಾಲಾ ವ್ಯಾಕರಣ ಸಂಸ್ಕೃತದ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿದೆ ಎಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಿಸ್ತಾರವಾಗಿ ವಾದಿಸಿದ್ದು ಇಂಥ ಕಾರಣಗಳಿಗಾಗಿಯೇ.

ಫಿನ್ನಿಷ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮನೆಯ ಒಳಗಿನಿಂದ ಹೊರಬರುವುದಕ್ಕೆ ಒಂದು ಪ್ರತ್ಯಯ, ಮೇಜಿನ ಮೇಲಿನಿಂದ ತೆಗೆಯುವುದಕ್ಕೆ ಇನ್ನೊಂದು. ಒಳಗೆ ಇರುವುದು, ಒಳಗೆ ಹೋಗುವುದು, ಮೇಲೆ ಇರುವುದು, ಮೇಲಕ್ಕೆ ಇಡುವುದು ಇವೆಲ್ಲಕ್ಕೂ ಬೇರೆ ಬೇರೆ. ಹೀಗೆ ಜಾಗಕ್ಕೆ ಸಂಬಂಧಿಸಿದವೇ ಆರು. ನಾವು 'ಒಳಗಿನಿಂದ', 'ಮೇಲಿನಿಂದ' ಎಂದು ಪದ ಸೇರಿಸಿ ಹೇಳುವುದನ್ನು ಅವರು ಪ್ರತ್ಯಯದಲ್ಲೇ ಹೇಳುತ್ತಾರೆ. ಆದ್ದರಿಂದ ಹದಿನೈದು ಎಂಬ ಸಂಖ್ಯೆಗೆ ಅಲ್ಲಿ ರೂಪದ ಆಧಾರವಿದೆ.

ಉತ್ತರ 2: ನಿವೃತ್ತ ಕನ್ನಡ ಶಿಕ್ಷಕ

ಮೇಲಿನವರ ವಾದದ ತಿರುಳನ್ನು ಒಪ್ಪುತ್ತೇನೆ. ಆದರೆ ಇದನ್ನು ಓದಿದವರು ನಮ್ಮ ಹಿಂದಿನ ವೈಯಾಕರಣರು ಸಂಸ್ಕೃತವನ್ನು ಕಣ್ಣುಮುಚ್ಚಿ ನಕಲು ಮಾಡಿದರೆಂದು ತಿಳಿಯಬಾರದು ಎಂಬ ಕಾಳಜಿಯಿಂದ ಬರೆಯುತ್ತಿದ್ದೇನೆ.

ಕೇಶಿರಾಜ ಶಬ್ದಮಣಿದರ್ಪಣವೆಂಬ ಹಳಗನ್ನಡ ವ್ಯಾಕರಣವನ್ನು ಬರೆದದ್ದು ಹದಿಮೂರನೆಯ ಶತಮಾನದಲ್ಲಿ. ಸೂತ್ರಗಳನ್ನು ಕನ್ನಡದಲ್ಲೇ, ಕಂದಪದ್ಯಗಳಲ್ಲಿ ರಚಿಸಿ, ತಾನೇ ವೃತ್ತಿಯನ್ನೂ (ಸೂತ್ರಗಳ ವಿವರಣೆಯನ್ನೂ) ಬರೆದು, ತನಗಿಂತ ಹಿಂದಿನ ಕವಿಗಳ ಪ್ರಯೋಗಗಳನ್ನು ಆಧಾರವಾಗಿ ಕೊಟ್ಟವನು ಅವನು. ಏಳು ವಿಭಕ್ತಿಗಳ ಕ್ರಮವನ್ನು ಅವನು ಉಳಿಸಿಕೊಂಡದ್ದು ನಿಜ. ಪಂಚಮಿಗೆ ಅವನು ಕೊಟ್ಟ 'ಅತ್ತಣಿಂ' ಎಂಬುದರಲ್ಲಿ ತೃತೀಯೆಯ 'ಇಂ' ಅಡಗಿರುವುದೂ ನಿಜ. ಆದರೆ ಸಂಸ್ಕೃತದಲ್ಲಿರುವಂತೆ ದ್ವಿವಚನಕ್ಕೆಂದು ಬೇರೆ ಪ್ರತ್ಯಯಗಳ ಸಾಲನ್ನು ಅವನು ಕನ್ನಡದ ಮೇಲೆ ಹೇರಲಿಲ್ಲ. ಲಿಂಗದ ವಿಷಯ ನೋಡಿ. ಹೆಂಡತಿ ಎಂಬರ್ಥದ ಮೂರು ಸಂಸ್ಕೃತ ಪದಗಳಲ್ಲಿ 'ದಾರ' ಪುಲ್ಲಿಂಗ, 'ಭಾರ್ಯಾ' ಸ್ತ್ರೀಲಿಂಗ, 'ಕಲತ್ರ' ನಪುಂಸಕಲಿಂಗ. ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಡಿದು ಬರುತ್ತದೆಯೇ ಹೊರತು ಪದವನ್ನು ಹಿಡಿದಲ್ಲ. ಇಂಥ ಕಡೆ ನಮ್ಮ ವ್ಯಾಕರಣ ಪರಂಪರೆ ಕನ್ನಡದ ದಾರಿಯಲ್ಲೇ ನಡೆದಿದೆ.

ಒಂದು ಪ್ರಬಲ ಪರಂಪರೆಯ ಚೌಕಟ್ಟನ್ನು ಹೊಸ ಭಾಷೆಗೆ ಹಚ್ಚಿದ್ದು ನಾವು ಮಾತ್ರವೂ ಅಲ್ಲ. 1586ರಲ್ಲಿ ವಿಲಿಯಂ ಬುಲ್ಲೋಕರ್ ಬರೆದ ಮೊದಲ ಇಂಗ್ಲಿಷ್ ವ್ಯಾಕರಣಕ್ಕೆ ಲ್ಯಾಟಿನ್ ವ್ಯಾಕರಣವೇ ಮಾದರಿಯಾಗಿತ್ತು, ಮತ್ತು ಆ ಪ್ರಭಾವ ಇಂಗ್ಲಿಷ್ ಶಾಲೆಗಳಲ್ಲಿ ಶತಮಾನಗಳ ಕಾಲ ಉಳಿಯಿತು. ತಮಿಳಿನ ಪ್ರಾಚೀನ ವ್ಯಾಕರಣವಾದ ತೊಲ್ಕಾಪ್ಪಿಯಂ ಕೂಡ ಸಂಬೋಧನೆಯನ್ನು ಸೇರಿಸಿ ಎಂಟು ವಿಭಕ್ತಿಗಳನ್ನು ಹೇಳುತ್ತದೆ.

ನಾವು ಸಂಸ್ಕೃತದ ವೈಯಾಕರಣ ಪಾಣಿನಿಯನ್ನು ಅರ್ಧ ಮಾತ್ರ ತೆಗೆದುಕೊಂಡದ್ದೇ ತೊಂದರೆಗೆ ಮೂಲ ಎಂದು ನನಗನ್ನಿಸುತ್ತದೆ. ಪಾಣಿನಿ ವಿಭಕ್ತಿಯನ್ನೂ ಕಾರಕವನ್ನೂ ಬೇರೆ ಬೇರೆಯಾಗಿ ಇಟ್ಟಿದ್ದಾನೆ. ಕರ್ತೃ, ಕರ್ಮ, ಕರಣ (ಸಾಧನ), ಸಂಪ್ರದಾನ (ಯಾರಿಗೆ ಕೊಡುವುದೋ ಅವರು), ಅಪಾದಾನ (ಎಲ್ಲಿಂದ ಬೇರ್ಪಡುವುದೋ ಅದು), ಅಧಿಕರಣ (ಆಧಾರವಾದ ಜಾಗ) ಎಂಬ ಆರು ಕಾರಕಗಳು ಕ್ರಿಯೆಯೊಡನೆ ನಾಮಪದಕ್ಕಿರುವ ಸಂಬಂಧಗಳು. ವಿಭಕ್ತಿ ಆ ಸಂಬಂಧವನ್ನು ತೋರಿಸುವ ರೂಪ. 'ರಾಮನು ರಾವಣನನ್ನು ಕೊಂದನು' ಎಂಬಲ್ಲೂ 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಎಂಬಲ್ಲೂ ಕರ್ತೃ ರಾಮನೇ, ವಿಭಕ್ತಿ ಮಾತ್ರ ಬದಲಾಗಿದೆ. ಈ ಭೇದವನ್ನು ಕೈಬಿಡದಿದ್ದರೆ 'ಮರದಿಂದ ಹಣ್ಣು ಬಿತ್ತು' ಎಂಬುದನ್ನು ವಿವರಿಸುವುದು ಬಹಳ ಸುಲಭ: ಕಾರಕ ಅಪಾದಾನ, ವಿಭಕ್ತಿ ತೃತೀಯೆ. ಆ ಮಗುವಿಗೆ ಇಷ್ಟು ಹೇಳಿದರೆ ಸಾಕು. ನಮ್ಮ ಶಾಲೆಗಳಲ್ಲಿ ಕಾರಕಗಳ ಅರ್ಥವನ್ನು ವಿಭಕ್ತಿಗಳ ಹೆಸರಿನೊಳಗೇ ತುರುಕಿ, ಅರ್ಥಕ್ಕೊಂದು ಪ್ರತ್ಯಯ ಇರಲೇಬೇಕೆಂದು ಹಟ ಹಿಡಿದದ್ದರಿಂದ 'ದೆಸೆಯಿಂದ' ಪಟ್ಟಿಯಲ್ಲಿ ಭದ್ರವಾಗಿ ಕುಳಿತಿತು. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಗೆ ಅದು ಅನುಕೂಲ, ಕಲಿಕೆಗೆ ಅಲ್ಲ.

ಪ್ರಾಸಂಗಿಕವಾಗಿ ಒಂದು ಮಾತು: 1872ರಲ್ಲಿ ಮಂಗಳೂರಿನಿಂದ ಶಬ್ದಮಣಿದರ್ಪಣವನ್ನು ಸಂಪಾದಿಸಿ ಹೊರತಂದ ಕಿಟ್ಟೆಲ್ ನೀವಿರುವ ದೇಶದವರು, ಮತ್ತು ನಿಮಗೆ ಹತ್ತಿರದಲ್ಲೇ ಇರುವ ಟ್ಯೂಬಿಂಗೆನ್ನಿನಲ್ಲಿ 1903ರಲ್ಲಿ ತೀರಿಕೊಂಡರು. ಮಕ್ಕಳಿಗೆ ಇದು ಸಂತೋಷ ಕೊಡಬಹುದು.

ಉತ್ತರ 3: ಎರಡು ಭಾಷೆಯ ಮನೆ

ನಾನು ವಿದ್ವಾಂಸಳಲ್ಲ, ಜರ್ಮನ್ ಕಲಿಸುವ ಕೆಲಸದಲ್ಲಿರುವವಳು. ಕಲಿಸುವ ಬಗ್ಗೆ ಮಾತ್ರ ಹೇಳುತ್ತೇನೆ.

ಮಕ್ಕಳಿಗೆ ಈಗಾಗಲೇ ಬರುವ ವಾಕ್ಯಗಳಿಂದ ಪ್ರಾರಂಭಿಸಿ. ಮೊದಲು 'ಗೆ' ತೆಗೆದುಕೊಳ್ಳಿ. ಎರಡೂ ಭಾಷೆಗಳು ಹತ್ತಿರ ಬರುವುದೂ ದೂರ ಸರಿಯುವುದೂ ಅಲ್ಲಿಯೇ. 'ನನಗೆ ಚಳಿಯಾಗುತ್ತಿದೆ' ಎನ್ನಲು ಜರ್ಮನ್ನಿನಲ್ಲಿ 'ಮಿರ್ ಇಸ್ಟ್ ಕಾಲ್ಟ್' ಎನ್ನುತ್ತಾರೆ, ಅಲ್ಲಿಯೂ 'ನನಗೆ' ಎಂಬ ರೂಪವೇ ಇದೆ. ಆದರೆ 'ನನಗೆ ಹಸಿವಾಗಿದೆ' ಎಂಬುದಕ್ಕೆ 'ಇಶ್ ಹಾಬೆ ಹುಂಗರ್' ಎಂದು ಪ್ರಥಮೆ ಬರುತ್ತದೆ. ಆ ವಾಕ್ಯದ 'ಹಾಬೆನ್' (ಇಂಗ್ಲಿಷಿನ 'ಹ್ಯಾವ್') ಎಂಬ ಕ್ರಿಯಾಪದಕ್ಕೆ ಸಮನಾದದ್ದು ಕನ್ನಡದಲ್ಲಿಲ್ಲ. ಅದರ ಬದಲು ನಾವು 'ನನಗೆ ಇಬ್ಬರು ತಂಗಿಯರಿದ್ದಾರೆ' ಎಂದು ಬಂಧುಗಳಿಗೆ 'ಗೆ' ಹಚ್ಚುತ್ತೇವೆ, 'ನನ್ನ ಹತ್ತಿರ ದುಡ್ಡಿದೆ' ಎಂದು ಕೈಯಲ್ಲಿರುವ ವಸ್ತುವಿಗೆ ಬೇರೆ ರೀತಿ ಹೇಳುತ್ತೇವೆ. 'ನನ್ನ ಹತ್ತಿರ ಇಬ್ಬರು ತಂಗಿಯರಿದ್ದಾರೆ' ಎಂದು ಬರೆದು ತೋರಿಸಿ, ಏನು ಸರಿಯಿಲ್ಲ ಎಂದು ಕೇಳಿ. ಮಕ್ಕಳು ತಕ್ಷಣ ಹಿಡಿಯುತ್ತಾರೆ, ಮತ್ತು ನಿಯಮವನ್ನು ತಾವೇ ಹೇಳುತ್ತಾರೆ.

'ಅನ್ನು' ಎಂಬುದನ್ನು ಕೊನೆಗೆ ಇಟ್ಟುಕೊಳ್ಳಿ. 'ಪುಸ್ತಕ ಓದಿದೆ' ಎಂದು ಅನ್ನು ಇಲ್ಲದೆ ಹೇಳುತ್ತೇವೆ, ಆದರೆ 'ಹುಡುಗನನ್ನು ಕರೆದೆ' ಎನ್ನುವಲ್ಲಿ ಬಿಡಲಾಗುವುದಿಲ್ಲ. ಹಿಂದಿಯಲ್ಲೂ 'ಕಿತಾಬ್ ಪಢೀ', ಆದರೆ 'ಲಡ್ಕೇ ಕೋ ಬುಲಾಯಾ'. ಸ್ಪ್ಯಾನಿಷ್ ಭಾಷೆಯಲ್ಲೂ ಕರ್ಮ ಮನುಷ್ಯರಾದಾಗ ಅದಕ್ಕೆ ಮೊದಲು 'ಆ' ಎಂಬ ಪದ ಬರುತ್ತದೆ, ವಸ್ತುವಾದಾಗ ಸಾಮಾನ್ಯವಾಗಿ ಬರುವುದಿಲ್ಲ. ಒಂದಕ್ಕೊಂದು ಹತ್ತಿರದ ನಂಟಿಲ್ಲದ ಭಾಷೆಗಳು ಹೀಗೆ ಒಂದೇ ದಾರಿ ಹಿಡಿದಿರುವುದನ್ನು ಕಂಡಾಗ ನನಗೆ ಇಂದಿಗೂ ಆಶ್ಚರ್ಯವಾಗುತ್ತದೆ. 'ಅನ್ನು' ಬಿಟ್ಟ ಮಗುವಿನ ವಾಕ್ಯವನ್ನು ಕೆಂಪು ಶಾಯಿಯಲ್ಲಿ ತಿದ್ದುವ ಮುನ್ನ ಅದು ತಪ್ಪೋ, ಕನ್ನಡದ ನಡೆಯೋ ಎಂದು ನೋಡಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಭಾನುವಾರದ ತರಗತಿ

ಮೂವರಿಗೂ ಕೃತಜ್ಞತೆಗಳು. 'ಕಾರಕ ಅಪಾದಾನ, ವಿಭಕ್ತಿ ತೃತೀಯೆ' ಎಂಬ ಉತ್ತರವನ್ನು ಆ ಹುಡುಗಿಗೆ ಮುಂದಿನ ವಾರವೇ ತಲುಪಿಸುತ್ತೇನೆ. 'ಗೆ'ಯಿಂದ ಪ್ರಾರಂಭಿಸುವುದಕ್ಕೂ ನನ್ನ ಒಪ್ಪಿಗೆಯಿದೆ. ಒಂದು ಉಪಪ್ರಶ್ನೆ: ಕೆಲವು ಮಕ್ಕಳು 'ಮರಗೆ', 'ಶಾಲೆಕ್ಕೆ' ಎನ್ನುತ್ತಾರೆ. 'ಗೆ, ಇಗೆ, ಕ್ಕೆ' ಎಂದು ಪಟ್ಟಿಯಲ್ಲಿ ಮೂರನ್ನೂ ಒಟ್ಟಿಗೆ ಕೊಟ್ಟಿರುತ್ತಾರೆ, ಯಾವುದು ಎಲ್ಲಿ ಎಂದು ಹೇಳುವುದಿಲ್ಲ. ಇದಕ್ಕೆ ನಿಯಮವಿದೆಯೇ?

ಉತ್ತರ 4: ವಾಕ್ಯವಿಚಾರ

ಇದೆ, ಮತ್ತು ಇದನ್ನು ಕಲಿಸುವುದೇ ನಿಜವಾದ ಕನ್ನಡ ವ್ಯಾಕರಣ ಎಂಬುದು ನನ್ನ ನಂಬಿಕೆ. ಪದ ಯಾವ ಸ್ವರದಲ್ಲಿ ಮುಗಿಯುತ್ತದೆ, ಅದು ಮನುಷ್ಯರನ್ನು ಹೇಳುತ್ತದೆಯೇ ಇಲ್ಲವೇ ಎಂಬ ಎರಡು ಸಂಗತಿಗಳನ್ನು ನೋಡಬೇಕು. ಅಕಾರದಲ್ಲಿ ಮುಗಿಯುವ ವಸ್ತುವಾಚಕಕ್ಕೆ 'ಕ್ಕೆ': ಮರಕ್ಕೆ, ಪುಸ್ತಕಕ್ಕೆ. ಅಕಾರದಲ್ಲೇ ಮುಗಿದರೂ ಗಂಡಸನ್ನು ಹೇಳುವುದಾದರೆ ನಡುವೆ ನಕಾರ ಬಂದು 'ಅಣ್ಣನಿಗೆ' ಆಗುತ್ತದೆ. ಇಕಾರ, ಎಕಾರಗಳಲ್ಲಿ ಮುಗಿದರೆ ನೇರವಾಗಿ 'ಗೆ': ನಾಯಿಗೆ, ಶಾಲೆಗೆ, ತಾಯಿಗೆ.

ಉಕಾರದ ಪದಗಳಲ್ಲಿ ಎರಡು ದಾರಿಗಳಿವೆ. ಊರು, ಕಾಡು, ಕಣ್ಣು, ಹಾಲು ಇವುಗಳ ಕೊನೆಯ ಉಕಾರ ಬಿದ್ದುಹೋಗಿ ಊರಿಗೆ, ಕಾಡಿಗೆ, ಕಣ್ಣಿಗೆ, ಹಾಲಿಗೆ ಎಂದಾಗುತ್ತದೆ. ಆದರೆ ಮಗು, ಕರು, ಹಸು ಇವುಗಳ ಉಕಾರ ಬೀಳದೆ ವಕಾರ ಸೇರಿಕೊಂಡು ಮಗುವಿಗೆ, ಕರುವಿಗೆ, ಹಸುವಿಗೆ ಎಂದಾಗುತ್ತದೆ. ಎರಡೂ ಅಕ್ಷರ ಹ್ರಸ್ವವಾಗಿರುವ ಪುಟ್ಟ ಪದಗಳಲ್ಲಿ ಸಾಮಾನ್ಯವಾಗಿ ಉಕಾರ ಉಳಿಯುತ್ತದೆ. ಗುರು, ವಸ್ತು, ಸಾಧು ಎಂಬ ಸಂಸ್ಕೃತದಿಂದ ಬಂದ ಪದಗಳಲ್ಲೂ ಉಳಿಯುತ್ತದೆ. ಅದು, ಇದು, ಒಂದು ಮುಂತಾದವು ಬೇರೆಯಾಗಿ ನಿಂತು ಅದಕ್ಕೆ, ಇದಕ್ಕೆ, ಒಂದಕ್ಕೆ ಆಗುತ್ತವೆ; ಅವುಗಳನ್ನು ಹಾಗೆಯೇ ಬಾಯಿಪಾಠ ಮಾಡಿಸಿ.

ನಿಯಮವನ್ನು ನೀವೇ ಮೊದಲು ಹೇಳಬೇಡಿ. ಇಪ್ಪತ್ತು ಪದಗಳನ್ನು ಚೀಟಿಗಳಲ್ಲಿ ಬರೆದುಕೊಟ್ಟು, ಪ್ರತಿಯೊಂದಕ್ಕೂ 'ಗೆ' ಸೇರಿಸಿ ಗಟ್ಟಿಯಾಗಿ ಹೇಳಿಸಿ, ಒಂದೇ ಬಗೆಯಾಗಿ ಕೇಳಿಸುವವುಗಳನ್ನು ಗುಂಪು ಮಾಡಿಸಿ. 'ಮರಗೆ' ಎನ್ನುವ ಮಗುವಿಗೆ ಪಕ್ಕದ ಮಗುವೇ ತಿದ್ದಿ ಹೇಳುತ್ತದೆ. ಗುಂಪುಗಳಾದ ಮೇಲೆ ಒಂದೊಂದು ಗುಂಪಿನ ಪದಗಳಲ್ಲಿ ಸಮಾನವಾಗಿರುವುದೇನೆಂದು ಕೇಳಿ. 'ಇಂದ'ಕ್ಕೂ 'ಅಲ್ಲಿ'ಗೂ ಹೆಚ್ಚುಕಡಿಮೆ ಇದೇ ಗುಂಪುಗಳು ಉಪಯೋಗಕ್ಕೆ ಬರುತ್ತವೆ. 'ಮರದಿಂದ', 'ಮರದಲ್ಲಿ' ಎಂಬಲ್ಲಿ ಬರುವ ದಕಾರವೂ 'ಮರಕ್ಕೆ' ಎಂಬ ಗುಂಪಿನದೇ. ಹಾಗಾಗಿ ಚೀಟಿಗಳನ್ನು ಎತ್ತಿಟ್ಟುಕೊಳ್ಳಿ, ಎರಡನೆಯ ಪಾಠಕ್ಕೂ ಬೇಕಾಗುತ್ತವೆ.