ಸಹಾಯ ಬೇಕು: ಹಳೇ ಜೀಪಿನ ಕ್ಲಚ್ ಪೆಡಲ್ ಬ್ರಾಕೆಟ್ ಮುರಿದಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ. ಅಜ್ಜನ ಕಾಲದ ಮಹೀಂದ್ರ ಸಿಜೆ 3ಬಿ ಜೀಪ್ ಇದೆ, ತೋಟದಿಂದ ಅಡಿಕೆ ಸಾಗಿಸೋಕೆ ಈಗಲೂ ಅದೇ ಬೇಕು.

ಕ್ಲಚ್ ಪೆಡಲ್ ತಿರುಗುವ ಪಿನ್ ಹಿಡಿದುಕೊಂಡಿರುವ ಬ್ರಾಕೆಟ್ ಒಂದು ಕಡೆ ಮುರಿದಿದೆ. ಅದು ಫ್ಲೋರ್ ಕೆಳಗೆ ಇರೋದು, ಮಳೆಗಾಲದ ಕೆಸರೆಲ್ಲ ನೇರ ಅಲ್ಲಿಗೇ. ಪೆಡಲ್ ಒತ್ತಿದರೆ ಪಕ್ಕಕ್ಕೆ ವಾಲುತ್ತದೆ, ಕ್ಲಚ್ ಪೂರ್ತಿ ಬಿಡಲ್ಲ, ಫಸ್ಟ್ ಗೇರ್ ಹಾಕಿದರೆ ಗರ್ ಅನ್ನುತ್ತದೆ.

ಲಿಂಕ್ ಅಡ್ಜಸ್ಟ್ ಮಾಡಿ ನೋಡಿದ್ದಾಯಿತು. ಲೇತಿನಲ್ಲಿ ಹೊಸ ಪಿನ್, ಗನ್‌ಮೆಟಲ್ ಬುಷ್ ಮಾಡಿಸಿದೆ, ಅವು ಚೆನ್ನಾಗಿವೆ. ಬ್ರಾಕೆಟ್‌ಗೆ ಹಾಕಿಸಿದ ಆರ್ಕ್ ವೆಲ್ಡಿಂಗ್ ಮಾತ್ರ ನಿಲ್ಲಲಿಲ್ಲ. ಬೆಸುಗೆ ಗಟ್ಟಿಯಾಗಿಯೇ ಇದೆ, ಅದರ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು ಓಡಿದೆ. ಮುರಿದ ಜಾಗ ಬೂದು ಬಣ್ಣ, ಹರಳು ಹರಳಾಗಿ ಕಾಣುತ್ತದೆ. ಬೀಡು ಕಬ್ಬಿಣ (ಎರಕದ್ದು, ಮಾಮೂಲಿ ವೆಲ್ಡಿಂಗ್‌ಗೆ ಸುಲಭವಾಗಿ ಬಿರುಕು ಬಿಡುತ್ತೆ) ಇರಬೇಕು ಅಂತ ನನಗೆ ಅನುಮಾನ. ವೆಲ್ಡರ್ ಉಕ್ಕೇ ಅಂತಾರೆ. ಒರಿಜಿನಲ್ ಪಾರ್ಟೋ, ಯಾರೋ ನಡುವೆ ಮಾಡಿಸಿ ಹಾಕಿದ್ದೋ, ಅಜ್ಜನನ್ನು ಕೇಳೋಣ ಅಂದರೆ ಅವರಿಲ್ಲ.

ಈಗ ಕೇಳೋದು ಇಷ್ಟೇ. ಬೀಡೇ ಆದರೆ, ಚೆನ್ನಾಗಿ ಕಾಯಿಸಿ ಹಿತ್ತಾಳೆ ಬ್ರೇಜಿಂಗ್ (ಹಿತ್ತಾಳೆ ಕರಗಿಸಿ ಬೆಸೆಯೋದು) ಮಾಡಿಸಿದರೆ ದಿನಾ ಕ್ಲಚ್ ಒತ್ತುವ ಭಾರ ತಡೆಯುತ್ತಾ? ಇಲ್ಲ, ಸುಮ್ನೆ ದುಡ್ಡು ಹಾಳು ಮಾಡದೆ ದಪ್ಪ ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಪ್ಲೇಟಿನಲ್ಲಿ ಹೊಸದೇ ಮಾಡಿಸಲಾ? ಶಿವಮೊಗ್ಗ, ಸಾಗರದ ಕಡೆ ಇದನ್ನು ಮಾಡಿಸಿದವರಿದ್ದರೆ ಯಾವುದು ಬಾಳಿಕೆ ಬಂತು ಹೇಳಿ.